ಹಂದಿಗೆ ಹಚ್ಚಿದ ರೇಡಿಯೊ

ಇಜಾಬೆಲ್‌ಗೆ ಸಿಟ್ಟು ಬಂದರೆ ಅದು ಮೊದಲು ಗೊತ್ತಾಗುವುದು ಅವಳ ಕೈಯಲ್ಲಿರುವ ಚಹಾಕ್ಕೆ. ಅವತ್ತು ಬೆಳಿಗ್ಗೆ ಹಳಿಯಾಳದ ಹೊರಗಿನ ಗುಡ್ಡದ ಮೇಲೆ, ಬಾನುಲಿ ಕೇಂದ್ರದ ಅಂಗಳದಲ್ಲಿ ಸಚಿನ ಆ ಮಾತು ಹೇಳಿದ್ದೇ ತಡ, ಅರ್ಧ ಕಪ್ಪು ಅವಳ ಸೀರೆಯ ಮೇಲೆ ಬಿತ್ತು, ಉಳಿದರ್ಧ ಸಚಿನನ ಹೊಸ ಬೂಟಿನ ಮೇಲೆ.

"ಇನ್ನೊಮ್ಮೆ ಹೇಳು," ಅಂದಳು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನಾ ಮನೀ ಮನೀ ತಿರುಗೇನ್ರಿ. ಯಾರೂ ರೇಡಿಯೊ ಕೇಳಂಗಿಲ್ಲಂತ. ಹಳಿಯಾಳದ ಹಳ್ಳ್ಯಾಗ ಇಲ್ಲ, ಜೊಯಿಡಾದಾಗ ಇಲ್ಲ, ಮುಂಡಗೋಡದಾಗೂ ಇಲ್ಲ." ಸಚಿನ ಬೂಟು ಒರೆಸುತ್ತ ತಲೆ ಎತ್ತದೇ ಹೇಳಿದ, "ನಿಮ್ಮ ತಂದಿಯವರ ಮನ್ಯಾಗೂ ಇಲ್ಲ ಅಂದ್ರು."

"ನಮ್ಮ ಬಾಬಾ ಇಲ್ಲ ಅಂದ್ನಾ?"

"ಹೌದ್ರಿ. ಬೆಲ್ಲ ನೀರು ಕೊಟ್ಟು, ಕುಂದ್ರಿಸಿ, ಇಲ್ಲ ಅಂದ್ರು."

ಸಚಿನ ಸುಳ್ಳು ಹೇಳುವ ಪೈಕಿ ಅಲ್ಲ. ದಾಂಡೇಲಿಯ ಬಂಗೂರನಗರದಲ್ಲಿ ಕಾಲೇಜು ಮುಗಿಸಿದವನು, ಈ ಸರ್ವೇ ಮಾಡಲೆಂದೇ ಬಾನುಲಿ ಮಂಡಳಿಯವರು ಅವನನ್ನು ನೇಮಿಸಿಕೊಂಡಿದ್ದರು. ಕೇಳಬೇಕಾದ್ದನ್ನು ಕೇಳಿದ, ಅವರು ಹೇಳಿದ್ದನ್ನು ಬರೆದುಕೊಂಡ. ಅವನ ಮೇಲೆ ಹರಿಹಾಯ್ದು ಏನು ಪ್ರಯೋಜನ? ಆದರೂ ಇಜಾಬೆಲ್ ಹರಿಹಾಯ್ದಳು. ಬಿಡಿ, ಅದು ಅವಳ ಸ್ವಭಾವ.

ಕಾಳಿಸೀಮೆ ಬಾನುಲಿ ಅಂದರೆ ಅರಮನೆಯೇನಲ್ಲ. ಎರಡು ಕೋಣೆ, ಒಂದು ತಾರಸಿ, ಒಂದು ಉದ್ದನೆಯ ಕಂಬ, ಮಳೆಗಾಲದಲ್ಲಿ ಸೋರುವ ಒಂದು ಮೂಲೆ. ಅದಕ್ಕೆ ಮಾಲೀಕನಿಲ್ಲ, ಅದರಲ್ಲಿ ಜಾಹೀರಾತಿಲ್ಲ. ಅದು ಸಾರ್ವಜನಿಕರದ್ದು, ಮಂಡಳಿಯೊಂದು ನಡೆಸುತ್ತಿತ್ತು. ಸಂಜೆ ಆರರಿಂದ ಏಳರವರೆಗೆ ಅಲ್ಲಿಂದ ಬರುತ್ತಿದ್ದ 'ಹೊಲದ ಹೊತ್ತು' ಇಜಾಬೆಲ್‌ಳ ಕಾರ್ಯಕ್ರಮ. ಆನೆ ಯಾವ ಕಡೆ ಇಳಿದಿವೆ, ಜೊಯಿಡಾದ ಕೊನೇ ಬಸ್ಸು ಹೊರಟಿತೋ ಕೆಟ್ಟು ನಿಂತಿತೋ, ಗೋವಿನಜೋಳಕ್ಕೆ ಬಿದ್ದ ಹುಳಕ್ಕೆ ಏನು ಮದ್ದು, ಸರಕಾರಿ ದವಾಖಾನೆಗೆ ಲಸಿಕೆ ಬಂತೋ ಇಲ್ಲವೋ, ಎಲ್ಲ ಅದರಲ್ಲೇ. ಕೊನೆಗೆ ಹತ್ತು ನಿಮಿಷ ಸಿದ್ದಿಗಳ ಕೊಂಕಣಿಯಲ್ಲಿ ಹಾಡು, ಹರಟೆ. ಆ ಕೊಂಕಣಿ ಈ ಭೂಮಿಯ ಮೇಲೆ ಇನ್ಯಾವ ರೇಡಿಯೊದಲ್ಲೂ ಬರುತ್ತಿರಲಿಲ್ಲ. ಇಜಾಬೆಲ್ ಸ್ವತಃ ಸಿದ್ದಿ ಹೆಣ್ಣುಮಗಳು. ಮೊದಲ ಸಲ ಮೈಕಿನ ಮುಂದೆ ತನ್ನ ಮನೆಮಾತು ಆಡಿದ ದಿನ ಅವಳು ಖುಷಿಗೆ ಗುಡ್ಡದ ದಾರಿಯುದ್ದ ಹಾಡಿಕೊಂಡು ಇಳಿದಿದ್ದಳು.

ಈಗ ಮಂಡಳಿಯವರಿಗೆ ಒಂದು ಯೋಚನೆ ಬಂದಿತ್ತು. ಕೇಳುವವರೇ ಇಲ್ಲದಿದ್ದರೆ ಈ ಒಂದು ತಾಸು ಯಾಕೆ? ಬರುವ ಸೋಮವಾರದಿಂದ ದೊಡ್ಡ ಊರಿನ ಕಾರ್ಯಕ್ರಮವನ್ನೇ ಇಲ್ಲಿಯೂ ಹರಿಯಬಿಟ್ಟರಾಯಿತು. ಅದನ್ನು ಕೊನೆಯ ಸಲ ನೋಡಿ ತೀರ್ಮಾನ ಮಾಡಲು ನಿರ್ಮಲಾ ಅನ್ನುವ ಅಧಿಕಾರಿ ಅವತ್ತೇ ಮಧ್ಯಾಹ್ನ ಬರುವವರಿದ್ದರು.

"ಕರಿಬಸಪ್ಪಾರ, ನಾ ಹೋಗಿ ಬರ್ತೇನಿ," ಎಂದು ಇಜಾಬೆಲ್ ಸ್ಕೂಟಿ ಎಳೆದಳು.

ಕೇಂದ್ರದ ಮುಖ್ಯಸ್ಥ ಕರಿಬಸಪ್ಪ ಹಣೆಯ ವಿಭೂತಿ ಬೆವರಿಗೆ ಕರಗುತ್ತಿದ್ದರೂ ಗಮನವಿಲ್ಲದೆ ಬಾಗಿಲಿಗೆ ಬಂದರು. ಮುಂಡಗೋಡದ ಕಡೆಯ ಒಕ್ಕಲುತನದ ಮನೆಯವರು, ಗಡಿಬಿಡಿ ಕಂಡರೆ ಆಗದ ಮನುಷ್ಯ. "ಎಲ್ಲಿಗವ್ವಾ? ಮೇಡಂ ಬರೂ ಹೊತ್ತಾತು!"

"ನಮ್ಮಪ್ಪನ ಕಿವಿ ಹಿಂಡಾಕ!"

ಮಾವಿನವಾಡಿ ಆ ಗುಡ್ಡದ ಬುಡದಲ್ಲೇ ಇದೆ. ಅಲ್ಲಿ ಅವಳ ತಂದೆ ಮಾನ್ವೆಲ್ ಒಬ್ಬನೇ ಇದ್ದ, ಇಜಾಬೆಲ್ ಹಳಿಯಾಳ ಪೇಟೆಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದಳು. ಅವಳು ಹೋದಾಗ ಮಾನ್ವೆಲ್ ಅಂಗಳದ ಬಿಸಿಲಿಗೆ ಡಮಾಮಿಯನ್ನು ಇಟ್ಟು ಅದರ ಹಗ್ಗ ಬಿಗಿಯುತ್ತಿದ್ದ. ಡಮಾಮಿ ಅಂದರೆ ಸಿದ್ದಿಗಳ ವಾದ್ಯ, ಎರಡೂ ಕಡೆ ಚರ್ಮ. ಹಬ್ಬಕ್ಕೆ, ಮದುವೆಗೆ ಅದಿಲ್ಲದೆ ಯಾರ ಕಾಲೂ ಏಳುವುದಿಲ್ಲ.

"ಬಾಬಾ! ಸರ್ವೇದ ಹುಡುಗಗ ಏನಂತ ಹೇಳಿದಿ?"

"ಯಾವ ಹುಡುಗ? ಹಾಂ, ಬೂಟಿನಂವಾ! ಪಾಪ, ಛಲೋ ಹುಡುಗ. ಮನ್ಯಾಗ ರೇಡಿಯೊ ಕೇಳ್ತೀರೇನು ಅಂದ. ಇಲ್ಲಪಾ ಅಂದೆ."

"ಯಾಕ ಇಲ್ಲ ಅಂದಿ?"

"ಇಲ್ಲ, ಅದಕ್ಕ ಇಲ್ಲ ಅಂದೆ. ಎಲ್ಲೈತಿ ಮನ್ಯಾಗ ರೇಡಿಯೊ? ನೀನ ನೋಡು."

ಇಜಾಬೆಲ್ ಒಳಗೆ ನುಗ್ಗಿದಳು. ತನ್ನ ಮೊದಲ ಸಂಬಳದಲ್ಲಿ ಅಪ್ಪನಿಗೆಂದೇ ತಂದುಕೊಟ್ಟ ರೇಡಿಯೊವನ್ನು ಏಸುವಿನ ಪಟದ ಪಕ್ಕದ ಮೊಳೆಗೆ ತೂಗುಹಾಕಿದ್ದಳು. ಮೊಳೆ ಇತ್ತು, ರೇಡಿಯೊ ಇರಲಿಲ್ಲ. ಅವಳ ಸಿಟ್ಟೆಲ್ಲ ಒಂದೇ ಸಲಕ್ಕೆ ಇಳಿಯಿತು.

"ಮಾರಿದೇನು ಬಾಬಾ?" ಎಂದು ಬಾಗಿಲಲ್ಲಿ ನಿಂತು ಕೇಳಿದಳು. "ದಿನಾ ಸಂಜೀಕ ನಿನ್ನ ಮಗಳು ಬಾಯಿ ಹರಕೊಂತಾಳ. ಒಂದ ದಿನ ಕೇಳಬೇಕು ಅನಸಲಿಲ್ಲೇನು ನಿನಗ?"

"ಅಯ್ಯ ಹುಚ್ಚಿ! ಮಾರೋದು ಎಲ್ಲೀದು? ಮಾಳದಾಗೈತಿ. ಹಂದಿಗೆ ಹಚ್ಚೇನಿ."

"ಹಂದಿಗೆ?"

"ಮತ್ತ! ಜ್ವಾಳ ತೆನಿ ಕಟ್ಟೇತಿ. ಸಂಜಿ ಆತಂದ್ರ ಹಂದಿ ಬರ್ತಾವು. ಮನಶಾರ ದನಿ ಕೇಳಿದ್ರ ಹೊಲದಾಗ ಬರಂಗಿಲ್ಲ ಅವು. ಡಬ್ಬಿ ಸಪ್ಪಳ ಅವಕ್ಕ ರೂಢಿ ಆಗೇತಿ ಅಂತ ಇವತ್ತ ಇದನ್ನೂ ಒಯ್ತೇನಿ," ಎಂದು ಡಮಾಮಿಯನ್ನು ತಟ್ಟಿದ. ಮತ್ತೆ ಹಗ್ಗ ಜಗ್ಗುತ್ತ, ಏನೋ ನೆನಪಾದವನಂತೆ, "ಅಂದಂಗ ಮೊನ್ನೆ ಜೊಯಿಡಾ ಬಸ್ಸು ಐದೂವರಿಗೆ ಹೊಂಟೈತಿ ಅಂದಿ. ತಪ್ಪು. ಐದಕ್ಕ ಹೋಗಿತ್ತು ಅದು," ಅಂದ.

ಇಜಾಬೆಲ್ ಕಣ್ಣು ಕಿರಿದು ಮಾಡಿದಳು. "ನಾ ಅಂದದ್ದು ನಿನಗ ಯಾರು ಹೇಳಿದ್ರು?"

ಮಾನ್ವೆಲ್ ತಲೆ ಕೆರೆದುಕೊಂಡ. "ಹಂದಿ ಹೇಳ್ತು," ಅಂದ.

ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಅಪ್ಪನ ಕೈ ಹಿಡಿದು ಹೊಲಕ್ಕೆ ಎಳೆದುಕೊಂಡು ಹೋದಳು. ನಾಲ್ಕು ಕಂಬದ ಮೇಲೆ ಹುಲ್ಲು ಹೊದಿಸಿದ ಮಾಳ, ಹೊಲ ಕಾಯಲು ಕುಳಿತುಕೊಳ್ಳುವ ಅಟ್ಟ. ಅಲ್ಲಿ ಪ್ಲಾಸ್ಟಿಕ್ ಚೀಲ ಸುತ್ತಿದ ಅವಳ ರೇಡಿಯೊ ಜೋತಾಡುತ್ತಿತ್ತು. ಅದರ ಏರಿಯಲ್ ಕಡ್ಡಿಗೆ ತಂತಿ ಬಿಗಿದು, ಬಿದಿರಿನ ತುದಿಗೆ ಏರಿಸಿ, ನೇರ ಗುಡ್ಡದ ಕಂಬದ ಕಡೆ ತಿರುಗಿಸಿದ್ದ. ಪಕ್ಕದಲ್ಲಿ ಒಂದು ಖಾಲಿ ಎಣ್ಣೆ ಡಬ್ಬಿ, ಒಂದು ಕೋಲು.

ಅಲ್ಲಿಂದ ತಲೆ ಎತ್ತಿ ನೋಡಿದಳು. ಪಕ್ಕದ ಹೊಲದ ಮಾಳದಲ್ಲೂ ಒಂದು ರೇಡಿಯೊ. ಅದರಾಚೆಯ ಮಾಳದಲ್ಲೂ. ಹಳ್ಳದ ಆಚೆ, ಪಕ್ಕದೂರಿನ ರೈತ ಶೇಖಪ್ಪನ ಕಬ್ಬಿನ ಗದ್ದೆಯ ಮಾವಿನ ಮರಕ್ಕೂ ಒಂದು ಕಟ್ಟಿತ್ತು.

"ಬಾಬಾ, ಎಲ್ಲಾರೂ ಹಿಂಗ?"

"ಎಲ್ಲಾರೂ. ಮುಂಡಗೋಡದ ಟಿಬೆಟನ್ ಕಾಲೊನ್ಯಾಗೂ ಜ್ವಾಳದ ಹೊಲಕ್ಕ ಹಿಂಗ ಕಟ್ಟ್ಯಾರಂತ. ಆ ಬೂಟಿನ ಹುಡುಗ ಮನ್ಯಾಗ ಏನೈತಿ ಅಂತ ಕೇಳಿದ. ಹೊಲದಾಗ ಏನೈತಿ ಅಂತ ಕೇಳಲಿಲ್ಲ. ನಾವ್ಯಾಕ ಹೇಳೂಣು?"

ಅಬ್ಬಾ! ಇಷ್ಟೇ ಸಂಗತಿ! ಇಜಾಬೆಲ್‌ಗೆ ಕುಣಿಯಬೇಕು ಅನ್ನಿಸಿತು. ಕುಣಿಯಲಿಲ್ಲ, ಸ್ಕೂಟಿ ಹತ್ತಿ ಗುಡ್ಡದ ದಾರಿಯಲ್ಲಿ ಹೊರಟಳು. ಸಚಿನ ಮೂರು ತಾಲೂಕು ತಿರುಗಿ ಮನೆ ಮನೆಯ ಕದ ತಟ್ಟಿದ್ದ. ರೇಡಿಯೊಗಳು ಹೊಲದಲ್ಲಿ ಕುಳಿತಿದ್ದವು.

ಕೇಂದ್ರದಲ್ಲಿ ನಿರ್ಮಲಾ ಬಂದು ಕುಳಿತಿದ್ದರು. ಶಿವಮೊಗ್ಗದ ಕಡೆಯವರು, ಬಿಳಿ ಕೂದಲು, ಸಮಾಧಾನದ ಮುಖ. ಇಜಾಬೆಲ್ ಏದುಸಿರು ಬಿಡುತ್ತ ಹೇಳಿದ್ದನ್ನೆಲ್ಲ ಅವರು ಕೇಳಿದರು, ಎರಡು ಸಲ ನಕ್ಕರು, ಮತ್ತೆ ನಗು ನಿಲ್ಲಿಸಿದರು.

"ನೀವು ಹೇಳೋದು ನಿಜಾನೇ ಇರಬಹುದು. ಆದರೆ ಇಜಾಬೆಲ್, ಹಂದಿ ಓಡಿಸೋದಕ್ಕೆ ಅಂತ ಹಚ್ಚಿದ ರೇಡಿಯೊನ ಯಾರಾದರೂ ಕೇಳ್ತಾರೆ ಅಂತ ಹೇಗೆ ಹೇಳೋದು? ಹಂದಿಗೆ ಬೇಕಾಗಿರೋದು ಮನುಷ್ಯರ ದನಿ. ಅದು ದೊಡ್ಡ ಊರಿನ ದನಿ ಆದರೂ ಸಾಕಲ್ಲ?"

ಹೌದಲ್ಲ! ಹಂದಿಗೆ ಜೊಯಿಡಾ ಬಸ್ಸಿನ ಚಿಂತೆ ಎಲ್ಲಿದೆ? ಅಪ್ಪನೇ ಹೇಳಿದ್ದ, ಹಂದಿಗೆ ಹಚ್ಚೇನಿ ಅಂತ. ಅವಳು ಕರಿಬಸಪ್ಪನವರ ಮುಖ ನೋಡಿದಳು. ಅವರು ಚಾವಣಿ ನೋಡಿದರು.

ಆಗ ಅವಳಿಗೆ ಮಾಳದಲ್ಲಿದ್ದ ಎಣ್ಣೆ ಡಬ್ಬಿ ನೆನಪಾಯಿತು.

"ಮೇಡಂ, ಇವತ್ತ ಸಂಜೀಕ ನಾ ರೇಡಿಯೊದಾಗ ಡಬ್ಬಿ ಬಾರಸ್ರಿ ಅಂತ ಹೇಳ್ತೇನಿ. ನನ್ನ ಮಾತು ಕೇಳಾವ್ರು ಇದ್ರ ಬಾರಸ್ತಾರ. ಇಲ್ಲಾಂದ್ರ ಇಲ್ಲ. ನೀವು ತಾರಸಿ ಮ್ಯಾಲೆ ನಿಂತು ಕೇಳ್ರಿ."

"ಏ ಏ ಏ, ತಡಿಯವ್ವಾ!" ಕರಿಬಸಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. "ಹೊಲದಾಗ ಡಬ್ಬಿ ಸುಮ್ಮ ಬಾರಸ್ತಾರೇನು? ಡಬ್ಬಿ ಸಪ್ಪಳಾತಂದ್ರ ಹಂದಿ ಇಲ್ಲಾ ಆನಿ ಬಂತು ಅಂತ ಅರ್ಥ. ಸುಳ್ಳ ಬಾರಿಸಿದಂವನ್ನ ಇಡೀ ಊರು ಬೈತೈತಿ. ಮುಂದ ಅಂವ ಖರೇ ಬಾರಿಸಿದಾಗ ಯಾರೂ ಓಡಿ ಬರಂಗಿಲ್ಲ. ಅದನ್ನ ಮುರೀರಿ ಅಂತ ಹೇಳ್ತೀ?"

"ಅದಕ್ಕ ಹೇಳ್ತೇನ್ರಿ! ಸುಮ್ಮ ಯಾರೂ ಬಾರಸಂಗಿಲ್ಲ. ಬಾರಿಸಿದ್ರಂದ್ರ ನಮ್ಮ ಮಾತಿಗೇ ಬಾರಿಸಿದ್ರು ಅಂತ."

ನಿರ್ಮಲಾ ಅವರ ಕಣ್ಣಿನಲ್ಲೂ ಈಗ ಒಂದು ಹುರುಪು ಬಂದಿತ್ತು. "ಆಯ್ತು. ಆದರೆ ಎರಡು ಷರತ್ತು. ಈಗಿನಿಂದ ನೀವು ಈ ಕಟ್ಟಡ ಬಿಟ್ಟು ಹೋಗಬಾರದು, ಯಾರಿಗೂ ಫೋನ್ ಮಾಡಬಾರದು, ನಿಮ್ಮ ತಂದೆಗೂ. ಇನ್ನೊಂದು, ಹೇಗೆ ಬಾರಿಸಬೇಕು ಅಂತ ನಾನು ಆರು ಗಂಟೆಗೆ ಹೇಳ್ತೀನಿ. ಆಗ ಯಾವ ಅನುಮಾನವೂ ಉಳಿಯೋದಿಲ್ಲ."

"ಆಗ್ಲಿ," ಅಂದಳು ಇಜಾಬೆಲ್. ಅಂದಮೇಲೆ ಗಡಿಯಾರ ನೋಡುವುದೇ ಅವಳ ಕೆಲಸವಾಯಿತು. ಯಾರೂ ಬಾರಿಸದಿದ್ದರೆ? ಸೋಮವಾರದಿಂದ ಆ ಹತ್ತು ನಿಮಿಷದ ಕೊಂಕಣಿ ಎಲ್ಲಿಗೆ ಹೋಗುತ್ತದೆ? ಅದಕ್ಕಿಂತ ಅವಳನ್ನು ಕಾಡಿದ್ದು ಇನ್ನೊಂದು. ಇಷ್ಟು ವರ್ಷ ತಾನು ಮಾತಾಡಿದ್ದು ಬರೀ ಹಂದಿಗಳ ಜೊತೆಗೋ?

ಆರಕ್ಕೆ ಐದು ನಿಮಿಷ ಇರುವಾಗ ನಿರ್ಮಲಾ ಅವಳ ಕಿವಿಯಲ್ಲಿ ಹೇಳಿದರು. "ಮೂರು ಪೆಟ್ಟು. ಸ್ವಲ್ಪ ಬಿಟ್ಟು ಎರಡು ಪೆಟ್ಟು." ಅಷ್ಟು ಹೇಳಿ ಸಚಿನನ ಜೊತೆ ತಾರಸಿ ಹತ್ತಿದರು.

ಸ್ಟುಡಿಯೊದ ಬಾಗಿಲು ಮುಚ್ಚಿತು. ಅಲ್ಲೇ ಇದ್ದದ್ದು ಫಜೀತಿ. ಹೊರಗಿನ ಸಪ್ಪಳ ಒಳಗೆ ಬರಬಾರದೆಂದು ಗೋಡೆಗೆಲ್ಲ ದಪ್ಪ ಮೆತ್ತೆ ಬಡಿದಿದ್ದರು. ಹೊರಗೆ ಆನೆ ಘೀಳಿಟ್ಟರೂ ಒಳಗೆ ಕೇಳಿಸದು, ಇನ್ನು ಡಬ್ಬಿ ಎಲ್ಲಿ? ಗಾಜಿನಾಚೆ ಕರಿಬಸಪ್ಪ ಕೈ ಎತ್ತಿದರು. ಕೆಂಪು ದೀಪ ಹತ್ತಿತು.

"ನಮಸ್ಕಾರ್ರಿ, ಇದು ಕಾಳಿಸೀಮೆ ಬಾನುಲಿ, ಹೊಲದ ಹೊತ್ತು. ನಾ ನಿಮ್ಮ ಇಜಾಬೆಲ್." ನೀರು ಕುಡಿದಳು. "ಇವತ್ತ ಬಸ್ಸು, ಆನಿ, ಹುಳ ಎಲ್ಲಾ ಆಮ್ಯಾಲೆ. ಮೊದಲ ಒಂದು ಮಾತು. ಈ ರೇಡಿಯೊ ನಿಮಗ ಏನೂ ಮಾರಂಗಿಲ್ಲ. ಸಾಬಾಣಾ ಮಾರಂಗಿಲ್ಲ, ಸೈಟು ಮಾರಂಗಿಲ್ಲ, ಯಾರ ಪರವಾಗಿ ಓಟೂ ಕೇಳಂಗಿಲ್ಲ. ಮೊನ್ನೆ ಮಳ್ಯಾಗ ದಾರಿಗೆ ಮರ ಬಿದ್ದು ಜೊಯಿಡಾದ ಬಸ್ಸು ಕಾಡಿನಾಗ ನಿಂತಾಗ, ಸಾಲಿ ಹುಡಿಗ್ಯಾರು ಅದರಾಗ ಅದಾರ ಅಂತ ಇಲ್ಲಿಂದ ಹೇಳಿದ್ವಿ. ನೀವ ಟ್ರ್ಯಾಕ್ಟರ್ ತಗೊಂಡು ಹೋಗಿ ಕರಕೊಂಡು ಬಂದ್ರಿ. ದೊಡ್ಡ ಊರಿನ ರೇಡಿಯೊಕ್ಕ ಆ ದಾರಿ ಗೊತ್ತಿಲ್ಲ, ಆ ಹುಡಿಗ್ಯಾರ ಹೆಸರು ಗೊತ್ತಿಲ್ಲ. ಇದಕ್ಕ ಮಾಲಕ ಇಲ್ಲ. ಅದಕ್ಕ ಇದು ಎಲ್ಲಾರದೂ. ಆದ್ರ ಎಲ್ಲಾರದೂ ಅಂತ ಎಲ್ಲಾರೂ ಸುಮ್ಮ ಕುಂತ್ರ, ಇದು ಯಾರದೂ ಅಲ್ಲ ಅಂತ ತಿಳಕೊಂಡು ಮುಚ್ಚಿಬಿಡ್ತಾರ. ಸೋಮವಾರದಿಂದ ಈ ಹೊತ್ತು ಇರಂಗಿಲ್ಲ ಅಂತ ಮಾತು ನಡದೈತಿ. ಕೇಳಾವ್ರ ಇಲ್ಲಂತ."

ಗಾಜಿನಾಚೆ ಕರಿಬಸಪ್ಪ ಕೈಗೂಡಿಸಿ ನಿಂತಿದ್ದರು, ಲಿಂಗಪೂಜೆಗೆ ನಿಂತವರ ಹಾಗೆ.

"ನನಗ ಗೊತ್ತೈತಿ, ನೀವು ನನ್ನ ಹಂದಿಗೆ ಹಚ್ಚೀರಿ. ಅದಕ್ಕ ನನಗ ಬ್ಯಾಸರಿಲ್ಲ, ಹಂದೀನೂ ಕೇಳಲಿ. ಆದ್ರ ನೀವೂ ಕೇಳ್ತಿದ್ರ, ಈ ಹೊತ್ತು ನಿಮಗ ಬೇಕಾಗಿದ್ರ, ಈಗ ಡಬ್ಬಿ ತಗೋರಿ. ಆನಿ ಬಂದಿಲ್ಲ, ಹಂದಿ ಬಂದಿಲ್ಲ, ಅಂಜಬ್ಯಾಡ್ರಿ. ಮೂರು ಪೆಟ್ಟು ಹಾಕ್ರಿ, ಸ್ವಲ್ಪ ಸುಮ್ಮನಿರ್ರಿ, ಮತ್ತ ಎರಡು ಪೆಟ್ಟು ಹಾಕ್ರಿ. ಗುಡ್ಡದ ಮ್ಯಾಲೆ ಕೇಳಾಕ ನಿಂತಾರ. ನಿಮ್ಮ ಡಬ್ಬಿ ಬಡದು ಹೇಳ್ರಿ, ಇದು ನಮ್ಮದು ಅಂತ."

ಅದನ್ನೇ ಕೊಂಕಣಿಯಲ್ಲಿಯೂ ಹೇಳಿದಳು. ಹೇಳಿ, ವಾಡಿಯ ಹೆಂಗಸರು ಹಿಂದೊಮ್ಮೆ ಇದೇ ಕೋಣೆಯಲ್ಲಿ ಕುಳಿತು ಹಾಡಿದ್ದ ಬಿತ್ತನೆಯ ಹಾಡನ್ನು ಹಚ್ಚಿ, ಬಾಗಿಲು ದೂಡಿ, ಮೆಟ್ಟಿಲು ಹತ್ತಿ ಓಡಿದಳು.

ತಾರಸಿಯಲ್ಲಿ ಗಾಳಿ. ಸೂರ್ಯ ಕಾಡಿನಂಚಿಗೆ ತಾಗಿದ್ದ. ನಿರ್ಮಲಾ ಕಟ್ಟೆ ಹಿಡಿದು ನಿಂತಿದ್ದರು. ಏನೂ ಇಲ್ಲ. ಎಲ್ಲೋ ಒಂದು ನವಿಲು ಕೂಗಿತು.

"ಇರ್ರಿ, ಡಬ್ಬಿ ಹುಡುಕಾಕ ಹೊತ್ತು ಬೇಕಲ್ರಿ," ಎಂದ ಸಚಿನ. ಪಾಪ, ಅವನಿಗೂ ಈಗ ತನ್ನ ಸರ್ವೇ ಸುಳ್ಳಾಗಲಿ ಅನ್ನಿಸಿತ್ತು.

ಢಣ್ ಢಣ್ ಢಣ್.

ಕೆಳಗೆ, ಶೇಖಪ್ಪನ ಕಬ್ಬಿನ ಗದ್ದೆಯ ಕಡೆಯಿಂದ. ಸಚಿನ ಬೆರಳು ಮಡಿಸಿ ಎಣಿಸಿದ. ಢಣ್ ಢಣ್.

"ಮೂರು, ಎರಡು!" ಎಂದು ಸಚಿನ ಚೀರಿದ.

ಆಮೇಲೆ ನೋಡಿ! ಹಳ್ಳದ ಆಚೆ ಒಂದು, ಕೆರೆಯ ಹಿಂದೆ ಎರಡು, ಹತ್ತಿ ಹೊಲದಲ್ಲಿ ಒಂದು ತಾಟು, ಯಾವುದೋ ಮನೆಯ ತಗಡಿನ ಮಾಡು. ಮೂರು, ಎರಡು. ಮೂರು, ಎರಡು. ಒಬ್ಬರದು ಮುಗಿಯುವುದರೊಳಗೆ ಇನ್ನೊಬ್ಬರದು ಶುರು. ಕೆಳಗಿನ ಹಳ್ಳಿಗಳ ನಾಯಿಗಳೆಲ್ಲ ಒಟ್ಟಿಗೆ ಬೊಗಳತೊಡಗಿದವು. ದೂರದ ಬೆಟ್ಟದ ಮರೆಯಿಂದಲೂ ಸಣ್ಣಗೆ ಬರುತ್ತಿತ್ತು, ಕಿವಿಗೊಟ್ಟರೆ ಮಾತ್ರ ಕೇಳಿಸುವಷ್ಟು. ಇಡೀ ಸೀಮೆಯೇ ಗುಡ್ಡಕ್ಕೆ ತಿರುಗಿ ಓ ಅನ್ನುತ್ತಿತ್ತು. ಇಜಾಬೆಲ್ ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ನಿರ್ಮಲಾರ ಕೈ ಹಿಡಿದು ಕುಪ್ಪಳಿಸಿದಳು. ಆ ಸಮಾಧಾನದ ಹೆಂಗಸೂ ಜೊತೆಗೆ ಕುಪ್ಪಳಿಸಿದರು ಅಂದರೆ ನಂಬಬೇಕು.

ಕೆಳಗಿನಿಂದ ಕರಿಬಸಪ್ಪ ಕೂಗಿದರು, "ಅವ್ವಾ ಇಜಾಬೆಲ್, ಫೋನು ನಿಂದರವಲ್ದು! ಮುಂಡಗೋಡದ ಕಾಲೊನಿಯಿಂದ ಮಾಡ್ಯಾರ, ಅಲ್ಲೂ ಬಾರಸಾಕ ಹತ್ಯಾರಂತ. ಇಲ್ಲೆ ಶಿವಗಂಗವ್ವ ಲೈನಿನಾಗ ಅದಾಳ, ಜಗಳಾಡಾಕ ಹತ್ಯಾಳ!"

ಶಿವಗಂಗವ್ವ ಹಳಿಯಾಳದ ಹತ್ತಿರದ ಹಳ್ಳಿಯ ಒಕ್ಕಲಗಿತ್ತಿ, ಗಂಡನಿಗಿಂತ ಎತ್ತರದ ದನಿಯವಳು. ಕರಿಬಸಪ್ಪ ಫೋನನ್ನು ಸ್ಪೀಕರಿಗೆ ಹಾಕಿ ಮೆಟ್ಟಿಲ ಮೇಲೆ ತಂದು ಹಿಡಿದರು.

"ಯಾರವ್ವಾ ಅದು ಮುಚ್ಚಾಕ ಬಂದಾಕಿ? ಅಕೀಗೆ ಕೊಡು ಫೋನು! ನಮ್ಮ ಸೊಸಿ ಬಸುರಿದ್ದಾಗ ಯಾವ ದಿನ ಡಾಕ್ಟರಮ್ಮ ಬರ್ತಾಳ ಅಂತ ಯಾರು ಹೇಳಿದ್ರು? ಹುಳ ಬಿದ್ದಾಗ ಔಷಧದಂಗಡಿಯಂವ ಹೇಳಿದ್ದು ಬ್ಯಾಡ, ಬೇವಿನ ಬೀಜದ ಕಷಾಯ ಹೊಡೀರಿ ಸಾಕು ಅಂತ ಯಾರು ಹೇಳಿದ್ರು? ಮನೀಗೆ ಬಂದು ರೇಡಿಯೊ ಕೇಳ್ತೀರೇನು ಅಂದ್ರ ಏನ ಹೇಳೂಣು? ಸಂಜೀಕ ಮನ್ಯಾಗ ಯಾರು ಕುಂದರ್ತಾರ? ಹೊಲಕ್ಕ ಬಂದು ಕೇಳ್ರಿ!"

"ನಾನೇ ಕಣಮ್ಮಾ ಬಂದಿರೋದು," ಎಂದರು ನಿರ್ಮಲಾ ನಗುತ್ತ. "ಕೇಳಿಸ್ತು. ಎಲ್ಲಾ ಕೇಳಿಸ್ತು."

"ಕೇಳಿಸ್ತೇನು? ಹಂಗಿದ್ರ ಛಲೋ ಆತು. ಇಡ್ರಿ ಫೋನು, ಇಜಾಬೆಲ್ ಆನೀ ಸುದ್ದಿ ಇನ್ನೂ ಹೇಳಿಲ್ಲ!"

ನಿರ್ಮಲಾ ಇಜಾಬೆಲ್ ಕಡೆ ತಿರುಗಿದರು. "ಈ ಹೊತ್ತನ್ನ ಯಾರೂ ಮುಟ್ಟೋದಿಲ್ಲ, ನಾನು ಮಂಡಳಿಗೆ ಹೇಳ್ತೀನಿ. ಅವರು ಒಪ್ಪದಿದ್ದರೆ ಅವರನ್ನೂ ಕರಕೊಂಡು ಬಂದು ಇಲ್ಲೇ ನಿಲ್ಲಿಸ್ತೀನಿ. ಮತ್ತೆ ಸಚಿನ, ನಾಳೆಯಿಂದ ನಿನ್ನ ಸರ್ವೇ ಹೊಲದಲ್ಲಿ."

"ಬೂಟು ಬಿಚ್ಚಿಟ್ಟ ಹೋಗ್ತೇನ್ರಿ," ಅಂದ ಸಚಿನ.

ಇಷ್ಟೆಲ್ಲ ಆಯಿತು. ಆದರೆ ಇಜಾಬೆಲ್‌ಳ ಕಿವಿ ಆಗಲೇ ಬೇರೆಲ್ಲೋ ಇತ್ತು. ಅವಳು ತಾರಸಿಯ ಪಶ್ಚಿಮದ ತುದಿಗೆ ಹೋಗಿ ಬಗ್ಗಿ ನೋಡಿದಳು. ಕೆಳಗೆ ಮಾವಿನವಾಡಿ. ಅಲ್ಲಿಯೂ ಡಬ್ಬಿಗಳು ಬಡಿಯುತ್ತಿದ್ದವು. ಆದರೆ ತನ್ನ ಅಪ್ಪನ ಮಾಳ, ಗುಡ್ಡಕ್ಕೆ ಎಲ್ಲರಿಗಿಂತ ಹತ್ತಿರದ ಮಾಳ, ತೆಪ್ಪಗಿತ್ತು. ಅಲ್ಲಿ ಅವನು ಕುಳಿತಿರುವುದು ಕಾಣುತ್ತಿತ್ತು, ತಲೆಗೆ ಕಟ್ಟಿದ ಬಿಳಿ ಟವೆಲ್ಲೂ ಕಾಣುತ್ತಿತ್ತು. ಕೈ ಮಾತ್ರ ಆಡುತ್ತಿರಲಿಲ್ಲ.

ಇಡೀ ಸೀಮೆ ಬಾರಿಸಿತು, ನಮ್ಮಪ್ಪ ಬಾರಿಸಲಿಲ್ಲ. ಅಂದರೆ ನಿಜವಾಗಿಯೂ ಹಂದಿಗೇ ಹಚ್ಚಿದ್ದ! ಬಸ್ಸಿನ ಮಾತನ್ನು ಯಾರ ಬಾಯಲ್ಲೋ ಕೇಳಿರಬೇಕು. ಹಿಗ್ಗಿನ ನಡುವೆಯೇ ಅವಳಿಗೆ ಕೆಟ್ಟದೆನಿಸಿತು, ಬಹಳ ಕೆಟ್ಟದೆನಿಸಿತು.

ಹಾಡು ಮುಗಿಯುತ್ತ ಬಂದಿತ್ತು. ಇಳಿದು ಹೋಗಿ ಮೈಕಿನ ಮುಂದೆ ಕುಳಿತಳು. ಡಬ್ಬಿ ಬಾರಿಸಿದವರಿಗೆಲ್ಲ ಕೈಮುಗಿದಳು. ಆನೆಯ ಸುದ್ದಿ, ಬಸ್ಸಿನ ಸುದ್ದಿ, ನಾಳೆಯ ಮಳೆಯ ಸುದ್ದಿ ಎಲ್ಲ ಹೇಳಿದಳು. ಕೊಂಕಣಿಯ ಹತ್ತು ನಿಮಿಷವನ್ನೂ ಮುಗಿಸಿದಳು, ದನಿ ಒಂದೆರಡು ಕಡೆ ತೊಡರಿದರೂ. ಏಳಕ್ಕೆ "ನಾಳೆ ಇದೇ ಹೊತ್ತಿಗೆ ಸಿಗೂಣು" ಅಂದಾಗ, ಆ ಮಾತು ನಿಜವೆಂದು ತಿಳಿದಿದ್ದರಿಂದ, ನಾಲಿಗೆಗೆ ಸಿಹಿಯಾಯಿತು. ಕೆಂಪು ದೀಪ ಆರಿತು.

ಹೊರಗೆ ಬಂದರೆ ನಸುಗತ್ತಲು. ಡಬ್ಬಿಗಳೆಲ್ಲ ಯಾವಾಗಲೋ ನಿಂತಿದ್ದವು. ಕರಿಬಸಪ್ಪ ನಿರ್ಮಲಾರಿಗೆ ಚಹಾ ಬಗ್ಗಿಸುತ್ತಿದ್ದರು. ಅಷ್ಟರಲ್ಲಿ ಗುಡ್ಡದ ಬುಡದಿಂದ ಬಂತು.

ಧೂಂ. ಧೂಂ. ಧೂಂ.

ಡಬ್ಬಿಯ ಸಪ್ಪಳವಲ್ಲ. ಅಂಗಳದ ನೆಲ ಅದಿರುವಂಥ ದನಿ. ಸ್ವಲ್ಪ ಬಿಟ್ಟು, ಧೂಂ, ಧೂಂ. ಮತ್ತೆ ಮೂರು. ಮತ್ತೆ ಎರಡು. ಕರಿಬಸಪ್ಪನವರ ಕೈಯಲ್ಲಿದ್ದ ಕಪ್ಪು ಕುಣಿಯಿತು.

"ಇದ್ಯಾರವ್ವಾ, ಎಲ್ಲಾ ಮುಗದ ಮ್ಯಾಲೆ?"

ಇಜಾಬೆಲ್ ಉತ್ತರ ಹೇಳಲು ನಿಲ್ಲಲಿಲ್ಲ. ಸ್ಕೂಟಿಯನ್ನೂ ಮರೆತು ಕಾಲುದಾರಿಯಲ್ಲಿ ಇಳಿದು ಓಡಿದಳು. ಜೋಳದ ಗರಿ ಮುಖಕ್ಕೆ ಬಡಿಯುತ್ತಿದ್ದರೂ ನಿಲ್ಲದೆ ಮಾಳದ ಕೆಳಗೆ ಬಂದು ನಿಂತಾಗ ಮಾನ್ವೆಲ್ ಬೆವರು ಸುರಿಸುತ್ತ ಬಾರಿಸುತ್ತಲೇ ಇದ್ದ. ಮಗಳನ್ನು ಕಂಡು ಕೈ ನಿಲ್ಲಿಸಿದ.

"ಬಾಬಾ! ಎಲ್ಲಾರೂ ಆಗಿಂದಾಗ ಬಾರಿಸಿದ್ರು. ನೀ ಯಾಕ ಸುಮ್ಮ ಕುಂತಿದ್ದಿ?"

"ಎಂಥಾ ಹುಚ್ಚಿ ಐತಿ ಇದು!" ಮಾನ್ವೆಲ್‌ಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಡಮಾಮಿ ಬಾರಸಾಕ ಹತ್ತಿದ್ರ ರೇಡಿಯೊ ಕೇಳಸ್ತೈತೇನು? ನೀ ಇನ್ನೂ ಮಾತಾಡಾಕ ಹತ್ತಿದ್ದಿ. ನಿಂದು ಮುಗೀಲಿ ಅಂತ ಕುಂತಿದ್ದೆ."

ಇಜಾಬೆಲ್ ಏಣಿ ಹತ್ತಿ ಅವನ ಪಕ್ಕ ಕುಳಿತಳು. ಟವೆಲ್ಲಿನ ತುದಿಯಿಂದ ಅಪ್ಪನ ಹಣೆಯ ಬೆವರು ಒರೆಸಿದಳು. ಮಾನ್ವೆಲ್ ಕೈ ಚಾಚಿ ರೇಡಿಯೊವನ್ನು ಆರಿಸಿ, ಅದರ ಪ್ಲಾಸ್ಟಿಕ್ ಚೀಲದ ಬಾಯನ್ನು ಇಬ್ಬನಿ ತಾಗದಂತೆ ಬಿಗಿದು ಕಟ್ಟಿದ.

"ಬಸ್ಸಿನ ಹೊತ್ತು ಇವತ್ತ ಸರಿ ಹೇಳಿದಿ," ಅಂದ.